ಏಳು ರಾತ್ರಿ ನದಿಯ ಮೇಲೆ ಕೂತು ಏನು ಮಾಡುವುದು?

ಡೊಂಬಿವಲಿ ಪೂರ್ವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ಬರುವ ಮಾರ್ಚ್‌ಗೆ ನಮ್ಮವರ ನಿವೃತ್ತಿ. ಮೂವತ್ತಮೂರು ವರ್ಷ ಬೆಳಗಿನ 8:11ರ ಫಾಸ್ಟ್ ಲೋಕಲ್ ರೈಲು ಹಿಡಿದು ಮುಂಬೈನ ಫೋರ್ಟ್‌ಗೆ ಹೋಗಿ ಬಂದವರು. ಕಿಟಕಿ ಬದಿಯ ಸೀಟು ಸಿಕ್ಕ ದಿನ ಮನೆಗೆ ಬಂದು ಅದನ್ನೇ ದೊಡ್ಡ ಸುದ್ದಿಯಂತೆ ಹೇಳುತ್ತಿದ್ದರು. ಮ್ಯೂನಿಕ್‌ನಲ್ಲಿರುವ ಮಗ ಈಗ ಹಟ ಹಿಡಿದಿದ್ದಾನೆ: ಮೇ ತಿಂಗಳಲ್ಲಿ ಇಬ್ಬರೂ ಬನ್ನಿ, ಡ್ಯಾನ್ಯೂಬ್ ನದಿಯಲ್ಲಿ ಜರ್ಮನಿಯ ಪಾಸೌನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗೆ ಏಳು ರಾತ್ರಿಯ ರಿವರ್ ಕ್ರೂಸ್ ಮಾಡಿಸುತ್ತೇನೆ ಅಂತ. ವಿಮಾನದ ಖರ್ಚು ಬಿಟ್ಟೇ ಇಬ್ಬರಿಗೆ ಐದು ಲಕ್ಷ ದಾಟುತ್ತದೆ. ಅರ್ಧ ಅವನದಂತೆ, ಉಳಿದರ್ಧ ನಮ್ಮ ಎಫ್‌ಡಿ ಮುರಿದು.

ಇವರು ಕನ್ನಡಕ ಏರಿಸಿ ಮೊಬೈಲ್‌ನಲ್ಲಿ ನಕ್ಷೆ ನೋಡಿದರು. "ಇದೇ ದಾರಿ ರೈಲಿನಲ್ಲಿ ಐದಾರು ಗಂಟೆ. ಅದನ್ನು ಏಳು ದಿನಕ್ಕೆ ಎಳೆಯಲು ಐದು ಲಕ್ಷವಾ? ತೇಲುವ ಲಾಡ್ಜಿನಲ್ಲಿ ಕೂತು ಏನು ಮಾಡುವುದು?" ಎಂದರು. ಎರಡು ದಿನದಿಂದ ಮನೆಯಲ್ಲಿ ಅದೇ ಪಲ್ಲವಿ.

ನನ್ನ ಹೆದರಿಕೆ ಬೇರೆ. ನಾನು ಕುಂದಾಪುರದ ಕಡೆಯವಳು, ದೋಣಿಯಲ್ಲಿ ಹೊಳೆ ದಾಟಿಯೇ ಶಾಲೆಗೆ ಹೋದವಳು. ಆದರೆ ಎಪ್ಪತ್ತರ ದಶಕದಲ್ಲಿ ಒಮ್ಮೆ ಅಪ್ಪ ಮುಂಬೈನ ಭಾವುಚಾ ಧಕ್ಕಾದಿಂದ ಪಣಜಿಗೆ ಸ್ಟೀಮರಿನಲ್ಲಿ ಕರೆದುಕೊಂಡು ಹೋಗಿದ್ದರು. ಹಿಂದಿನ ದಿನ ಹತ್ತಿದರೆ ಮರುದಿನ ಇಳಿಯುವುದು. ರತ್ನಾಗಿರಿ ದಾಟುವವರೆಗೂ ವಾಂತಿ. ಆ ಡೀಸೆಲ್ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಇನ್ನೊಂದು ಮಾತು. 2017ರಲ್ಲಿ ಬಸ್ಸಿನ ಯುರೋಪ್ ಟೂರ್ ಮಾಡಿದ್ದೆವು. ಹದಿಮೂರು ದಿನ, ಏಳು ದೇಶ. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು "ಬ್ಯಾಗ್ ಹೊರಗಿಡಿ" ಅನ್ನುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಯಾವ ಚರ್ಚು ಯಾವ ಊರಿನದು ಎಂದು ಈಗ ಫೋಟೊ ನೋಡಿದರೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದೇ ಕೋಣೆಯಲ್ಲಿ ಏಳು ರಾತ್ರಿ ಎಂದದ್ದು ಕೇಳಿ ನನಗೆ ಆಸೆಯಾದದ್ದು ನಿಜ.

ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಜನ ಅದರಲ್ಲಿ ಅಷ್ಟು ಮೆಚ್ಚುವುದು ಏನನ್ನು? ಕಂಪನಿಯವರ ಬಣ್ಣದ ಪುಸ್ತಕದಲ್ಲಿರುವುದು ಬೇಡ, ಅದನ್ನು ಮಗನೇ ಕಳಿಸಿದ್ದಾನೆ. ನಾವು ಮೊಟ್ಟೆಯನ್ನೂ ತಿನ್ನದವರು ಎಂಬುದು ನೆನಪಿರಲಿ.

ಪೋಂಡಾದ ಖಲಾಸಿ:

ಅಕ್ಕಾ, ನಂದು ಖಾನಾಪುರ ತಾಲೂಕು, ಈಗ ಇರೋದು ಗೋವಾದ ಪೋಂಡಾದಾಗ. ಹನ್ನೊಂದು ವರ್ಷ ಮಾಂಡವಿ ಹೊಳಿ ಮ್ಯಾಲೆ ಅದಿರು ಹೊರೋ ಬಾರ್ಜಿನ್ಯಾಗ ಖಲಾಸಿ ಇದ್ದೆ. 2012ರಾಗ ಗಣಿ ಬಂದ್ ಆತು, ನಮ್ಮ ಕೆಲಸಾನೂ ಹೋತು. ಈಗ ಟೆಂಪೊ ಹೊಡೀತೀನಿ. ನೀವು ಐದು ಲಕ್ಷ ಕೊಟ್ಟು ನೋಡೋದನ್ನ ನಾ ಪಗಾರ ತಗೊಂಡು ನೋಡೀನಿ, ಅದಕ್ಕ ಬರೀಲಾಕ ಕುಂತೆ.

ಮೊದಲ ಒಂದು ಮಾತು. ಪಣಜಿಗೆ ಬಂದು ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೀ ಬೋಟ್ ಹತ್ತಿ, ಕ್ರೂಸ್ ಅಂದ್ರ ಇಷ್ಟ ಅಂತ ತಿಳಕೋಬ್ಯಾಡ್ರಿ. ಅದು ಒಂದು ತಾಸಿನ ಆಟ. ದೇಖಣಿ ಕುಣಿತ, ಫುಗಡಿ ಕುಣಿತ, ಆಮ್ಯಾಲೆ ಸ್ಪೀಕರ್. ಎಲ್ಲಾರ ಮಾರಿ ಸ್ಟೇಜ್ ಕಡೆ, ಹೊಳಿ ಕಡೆ ಬೆನ್ನು. ಬಾಜೂಕ ಕ್ಯಾಸಿನೊ ಹಡಗ ಲಂಗರು ಹಾಕಿ ನಿಂತಿರ್ತಾವ, ಅವಂತೂ ಎಲ್ಲಿಗೂ ಹೋಗಂಗಿಲ್ಲ.

ಹೊಳಿ ಪ್ರವಾಸ ಅಂದ್ರ ನನಗ ನೆನಪಾಗೋದು ಮಳಿಗಾಲ. ಮಾಂಡವಿ ಸಮುದ್ರಕ್ಕ ಸೇರೋ ಕಡೆ, ಆಗ್ವಾದದ ಹತ್ರ, ಮರಳಿನ ದಿಬ್ಬ ಐತಿ. ಮಳಿಗಾಲದಾಗ ಅಲ್ಲಿ ಅಲಿ ಎದ್ದು ಬಾರ್ಜ್ ದಾಟಾಕ ಆಗಂಗಿಲ್ಲ. ಅವಾಗ ಕುಂಭಾರಜುವೆ ಕಾಲುವೆ ಹಿಡಿದು ಜುವಾರಿ ಹೊಳಿಗೆ ಇಳಿದು ಮುರ್ಮುಗೋವಾ ಬಂದರಿಗೆ ಹೋಗತಿದ್ವಿ. 17 ಕಿ.ಮೀ. ಕಾಲುವೆ, ಎರಡೂ ಕಡೆ ಕಾಂಡ್ಲಾ ಗಿಡ, ಕೆಸರಿನ್ಯಾಗ ಮೊಸಳಿ. ಭರತ (ಸಮುದ್ರದ ಉಬ್ಬರ) ಬರೋತನಕ ಇಂಜಿನ್ ಬಂದ್ ಮಾಡಿ ಕಾಯೋದು. ಬಾರ್ಜ್ ನಡಸೋ ತಾಂಡೇಲ ಮಲಗತಿದ್ದ. ನಾ ಮುಂದಿನ ತುದೀಗೆ ಕುಂತು ದಂಡಿ ನೋಡತಿದ್ದೆ. ಮನಿ ಹಿಂದ ಮುದುಕಿ ಮೀನ ಹೆಚ್ಚೋದು, ಹುಡುಗ್ರು ಚಡ್ಡಿ ಕಳದು ಜಿಗಿಯೋದು. ಅವರು ನಮ್ಮನ್ನ ಲೆಕ್ಕಕ್ಕ ಹಿಡೀತಿರಲಿಲ್ಲ. ಟೂರಿಸ್ಟ್ ಬಸ್ ಬಂದ್ರ ಮಂದಿ ತಿರುಗಿ ನೋಡ್ತಾರ, ಬಾರ್ಜ್ ಬಂದ್ರ ನೋಡಂಗಿಲ್ಲ.

ಮಾಂಡವಿ ಅಂದ್ರ ನಮ್ಮ ಮಹದಾಯಿನ ಅಲ್ರೀ, ಭೀಮಗಡದ ಕಾಡಿನ್ಯಾಗ ಹುಟ್ಟಿದಾಕಿ. ನಮ್ಮ ಊರಾಗ ನಾ ಪ್ಯಾಂಟ್ ಮಡಚಿ ದಾಟಿದ ನೀರು ಇಲ್ಲಿ ಪಣಜಿ ಸೇತುವೆ ಕೆಳಗ ಇಷ್ಟ ಅಗಲ ಆಗೇತಿ. (ಅದರ ಜಗಳಾ ಇಲ್ಲಿ ಬ್ಯಾಡ.)

ನಿಮ್ಮ ಮನಿಯವರಿಗೆ ಒಂದು ಪರೀಕ್ಷಾ ಹೇಳತೀನಿ. ಗೋವಾಕ್ಕ ಬಂದಾಗ ರಾಯಬಂದರದಿಂದ ಚೋಡಣಕ್ಕ ಫೆರಿ ಹತ್ತಸ್ರಿ. ನಾ ಹತ್ತತಿದ್ದಾಗ ನಡಕೊಂತ ಹತ್ತೋರಿಗೆ ರೊಕ್ಕ ಇರಲಿಲ್ಲ. ನಾಕ ಸಲ ಅತ್ತಾಗಿತ್ತಾಗ ಹೋಗ್ರಿ. ಅವರು ಮೊಬೈಲ್ ತಗದ್ರ ಐದು ಲಕ್ಷ ಉಳೀತು. ನೀರ ಕಡೆ ನೋಡಕೊಂತ ಕುಂತ್ರ ಟಿಕೀಟ್ ತಗಸ್ರಿ.

ಕೋಥರೂಡಿನ ಧಾರವಾಡಿ:

ಅಕ್ಕಾರ, ನಾವು ಹೋದ ವರ್ಷ ಸಪ್ಟೆಂಬರ್‌ದಾಗ ಇದೇ ಪಾಸೌ–ಬುಡಾಪೆಸ್ಟ್ ಮಾಡಿ ಬಂದೀವಿ. ನಿಮ್ಮ ಯಜಮಾನ್ರ ಲೆಕ್ಕ ಬರೋಬ್ಬರಿ ಅದ ಅಂತ ಮೊದಲ ಹೇಳ್ರಿ. ಡ್ಯಾನ್ಯೂಬಿನ ಕಿಲೋಮೀಟರ್ ಸಮುದ್ರದ ಕಡೆಯಿಂದ ಮ್ಯಾಲಕ್ಕ ಎಣಸ್ತಾರ, ರೊಮೇನಿಯಾದ ಸುಲಿನಾದಾಗ ಸೊನ್ನಿ. ಪಾಸೌ ಸುಮಾರು 2,226, ವಿಯೆನ್ನಾ 1,929, ಬುಡಾಪೆಸ್ಟ್ 1,647. ಅಂದ್ರ ಏಳು ರಾತ್ರಿಗೆ 580 ಕಿ.ಮೀ., ಮುಂಬೈ ಬಿಟ್ಟು ಹುಬ್ಬಳ್ಳಿ ಮುಟ್ಟಿದಷ್ಟು. ದಂಡಿಗೆ ಆ ಅಂಕಿ ಬರದ ಬೋರ್ಡ್ ಇರ್ತಾವ. ನಾ ದಿನಾ ನೋಡಿ ಡೈರ್ಯಾಗ ಬರಕೋತಿದ್ದೆ. "ಇಲ್ಲೂ ಪ್ರೊಡಕ್ಷನ್ ರಿಪೋರ್ಟ್ ಏನ್ರಿ?" ಅಂದ್ಲು ನಮ್ಮಾಕಿ.

ನಾ ಪುಣೆ ಹತ್ರದ ಭೋಸರಿ ಕೈಗಾರಿಕಾ ವಸಾಹತಿನೊಳಗ ಹೈಡ್ರಾಲಿಕ್ ಪ್ರೆಸ್ ಮಾಡೂ ಕಾರಖಾನ್ಯಾಗ ಇಪ್ಪತ್ತೆಂಟು ವರ್ಷ ದುಡದಂವ. ಸುಮ್ನ ಕೂಡ್ರೂದು ಅಂದ್ರ ಮೈಯಾಗ ಜ್ವರ ಬಂದಂಗ ಆಗ್ತದ. ಮೊದಲನೇ ದಿನ ಡೆಕ್ ಮ್ಯಾಲ ಖುರ್ಚಿ ಕೊಟ್ರು, ಕಂಬಳಿ ಕೊಟ್ರು. ಇಷ್ಟಕ್ಕ ಇಷ್ಟು ರೊಕ್ಕಾ ಅಂತ ಮಗಳ ಮ್ಯಾಲ ಸಿಟ್ಟ ಬಂತು. ಅಷ್ಟರಾಗ ಯೋಖೆನ್‌ಸ್ಟೈನ್ ಬಂತು.

ಅಲ್ಲಿ ಜರ್ಮನಿ–ಆಸ್ಟ್ರಿಯಾ ಗಡಿ ಮ್ಯಾಲ ಹೊಳಿಗೆ ಅಡ್ಡ ಕಟ್ಟಿ ಅದ, ಬಾಜೂಕ ಹಡಗು ಇಳಸೂ ಲಾಕ್. ಉದ್ದನ್ನ ಕಾಂಕ್ರೀಟಿನ ತೊಟ್ಟಿ ಅಂತ ತಿಳ್ಕೋರಿ. ನಮ್ಮ ಹಡಗು ಒಳಗ ಹೋತು, ಹಿಂದಿನ ಗೇಟ್ ಮುಚ್ಚಿದ್ರು, ನೀರು ಕೆಳಗ ಬಿಟ್ರು. ಪಂಪ್ ಇಲ್ಲ, ಸದ್ದಿಲ್ಲ. ಮ್ಯಾಲಿನ ನೀರು ಕೆಳಗ ಹೋಗ್ಲಿಕ್ಕೆ ಯಾರ ಸಹಾಯ ಬೇಕ್ರೀ? ನಾವು ಕೂತಲ್ಲೇ ಹತ್ತು ಮೀಟರ್ ಹತ್ರ ಇಳದ್ವಿ. ಕಣ್ಣ ಮುಂದ ಇದ್ದ ಗಿಡಾ, ಮನಿ ಎಲ್ಲಾ ಮ್ಯಾಲ ಹೋಗಿ, ಹಸಿ ಗೋಡಿ ಬಂತು. ಪಾಚಿ, ಅದರಾಗ ಹುಳಾ ಹುಡುಕೂ ಒಂದು ಹಕ್ಕಿ. ಗೋಡಿಗೆ ಕೈ ತಾಕೂವಷ್ಟು ಸಮೀಪ. ಆಮ್ಯಾಲ ಮುಂದಿನ ಗೇಟ್ ತೆರದ್ರು, ಹೊಸಾ ಹೊಳಿ. ಸಾವಿರಾರು ಟನ್ನಿನ ಪ್ರೆಸ್ ನೋಡಿದಂವ ನಾನು, ಬಾಯಿ ತಕ್ಕೊಂಡು ನಿಂತಿದ್ದೆ. ಬುಡಾಪೆಸ್ಟ್ ಮುಟ್ಟೂತನಕ ಇಂಥಾವು ಹನ್ನೊಂದು. ರಾತ್ರಿ ಎರಡಕ್ಕ ಬಂದದ್ದಕ್ಕೂ ಸ್ವೆಟರ್ ಹಾಕ್ಕೊಂಡು ಎದ್ದು ಹೋಗೀನಿ.

ದಂಡಿ ವಿಷಯ ಪೋಂಡಾದವ್ರು ಹೇಳಿದ್ದು ಖರೇ. ದೊಡ್ಡ ಊರು ಹೊಳಿ ಕಡೆ ಮಾರಿ ಮಾಡಿ ಅಲಂಕಾರ ಮಾಡಿಕೊಂಡು ನಿಂತಾವ. ಸಣ್ಣೂರು ಹಂಗಲ್ಲ, ಹಿತ್ತಲಾ ತೋರಸ್ತಾವ. ಒಣ ಹಾಕಿದ ಅರಿವಿ, ಕಟಗಿ ಒಟ್ಟಿದ್ದು, ನಾಯಿ. ಪಾಸೌದಿಂದ ವಿಯೆನ್ನಾತನಕ ಹೊಳಿಗುಂಟ ಸೈಕಲ್ ದಾರಿ ಅದ. ಕೆಂಪು ಚೀಲಾ ಕಟಗೊಂಡ ಮುದುಕ ಮುದುಕಿ ಎರಡನೇ ದಿನ ಮುಂಜಾನೆ ನಮ್ಮ ಬಾಜೂಕ ಬಂದ್ರು. ಲಾಕ್‌ನಾಗ ನಾವು ನಿಂತಾಗ ಅವರು ಮುಂದ ಹೋದ್ರು. ಮಧ್ಯಾಹ್ನ ಅವರು ಬೆಂಚಿನ ಮ್ಯಾಲ ಬ್ರೆಡ್ ತಿನ್ನೂ ಮುಂದ ನಾವು ಹಿಂದ ಹಾಕಿದ್ವಿ. ಮರುದಿನ ಮೆಲ್ಕ್ ಊರಾಗ ಬೇಕರಿ ಮುಂದ ಭೆಟ್ಟಿ ಆದ್ರು! ಭಾಷಾ ಬರೂದಿಲ್ಲ, ಕೈ ಕುಲುಕಿ ನಕ್ಕಿದ್ದೇ ನಕ್ಕಿದ್ದು. ಆ ಊರಿನ ಹಳದಿ ಮಠ ಜಗತ್ಪ್ರಸಿದ್ಧ ಅಂತಾರ, ಅದೂ ನೋಡಿದ್ವಿ, ಚಲೋ ಅದ.

ವಾಂತಿ ಚಿಂತಿ ಬಿಡ್ರಿ. ಏಳು ದಿನ ತಾಟಿನ್ಯಾಗಿನ ಸೂಪ್ ಅಲುಗಲಿಲ್ಲ. ಕೆಲವೊಮ್ಮೆ ಹೊಂಟದ್ದೇ ಗೊತ್ತಾಗೂದಿಲ್ಲ, ಪರದೆ ಸರಸಿದ್ರ ಊರು ಬದಲಾಗಿರ್ತದ.

ಇನ್ನ ಕಿರಿಕಿರಿ. ಊರು ತೋರಸ್ಲಿಕ್ಕೆ ಇಳಸಿದಾಗ ಕಿವಿಗೆ ಒಂದು ಯಂತ್ರ ಸಿಗಸ್ತಾರ, ನಂಬರ್ ಬರದ ಕೋಲಿನ ಹಿಂದ ಶಾಲಿ ಹುಡುಗ್ರಂಗ ನಡೀಬೇಕು. ಎರಡು ದಿನ ಹೋದ್ವಿ, ಆಮ್ಯಾಲ ನಾವ ತಿರಗಿದ್ವಿ. ವಿಯೆನ್ನಾದಾಗ ಹಡಗು ಊರ ನಡುವ ನಿಲ್ಲೂದಿಲ್ಲ, ರೈಶ್‌ಬ್ರೂಕ್ ಅನ್ನೂ ಸೇತುವೆ ಹತ್ರ ನಿಲ್ತದ. ಅಲ್ಲಿಂದ ಯು1 ಮೆಟ್ರೊ ಹಿಡಕೊಂಡು ಆರಾಮ ಹೋಗಬಹುದು. ಘಾಟಿನ್ಯಾಗ ಜಾಗಾ ಸಾಲೂದಿಲ್ಲಾಂತ ಹಡಗಿಗೆ ಹಡಗು ಹಚ್ಚಿ ಕಟ್ತಾರ. ಒಂದಿನ ಮುಂಜಾನೆ ಪರದೆ ತಗದೆ, ಎದುರಿನ ಹಡಗಿನ ಕಿಟಕ್ಯಾಗ ಬನಿಯನ್ ಹಾಕ್ಕೊಂಡ ಒಬ್ಬಂವ ಹಲ್ಲು ತಿಕ್ಕಲಿಕ್ಕತ್ತಿದ್ದ. ಇಬ್ರೂ ನಮಸ್ಕಾರ ಮಾಡಿ ಪರದೆ ಎಳಕೊಂಡ್ವಿ. ಬಾಲ್ಕನಿಗೆ ಜಾಸ್ತಿ ರೊಕ್ಕಾ ಕೊಡೂ ಮುಂದ ಇದನ್ನ ನೆನಪಿಡ್ರಿ.

ದೊಡ್ಡ ಅಡಚಣಿ ಅಂದ್ರ ನೀರು. ಬ್ಯಾಸಿಗಿ ಬಿರುಸಾದ್ರ ನೀರು ಇಳದು ಹಡಗು ತಳಾ ಹತ್ತತಾವ, 2018ರಾಗ, 2022ರಾಗ ಹಂಗ ಆಗಿತ್ತು. ಭಾಳ ಏರಿದ್ರ ಸೇತುವೆ ಕೆಳಗ ಹಿಡಸೂದಿಲ್ಲ. ಪಾಸೌ ಟೌನ್ ಹಾಲ್ ಗೋಡಿ ಮ್ಯಾಲ ಮಹಾಪೂರದ ಗುರ್ತು ಬರದಾರ. 1501ರದು ಎಲ್ಲಕ್ಕಿಂತ ಮ್ಯಾಲ, 2013ರದು ಅದರ ಬುಡಕ್ಕ. ಅಂಥಾ ಹೊತ್ತಿನ್ಯಾಗ ಬಸ್ಸಿನ್ಯಾಗ ಹಾಕಿ ಒಯ್ತಾರ, ಮತ್ತ ನಿಮ್ಮ 2017 ಬರ್ತದ. ಹೋಗೂ ಮುಂಚೆ ಶರತ್ತು ಓದ್ರಿ. ಮೇ ತಿಂಗಳು ಬ್ಯಾಸಿಗಿ ನಡುವಿಗಿಂತ ಚಲೋ.

ಊಟ: ಬುಕ್ ಮಾಡೂವಾಗನ ಮೊಟ್ಟಿ ಸುದ್ಧಾ ಇಲ್ಲ ಅಂತ ಬರದು ಕೊಡ್ರಿ. ಆದ್ರೂ ಮೂರನೇ ದಿನಕ್ಕ ಆಲೂಗಡ್ಡಿ ನೋಡಿದ್ರ ಅಳು ಬರ್ತದ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಒಯ್ದಿದ್ವಿ. ಕ್ರೊಯೇಷಿಯಾದ ವೇಟರ್ ಹುಡುಗ ರೊಟ್ಟಿ ಮುರದು ತಿಂದು, ಮರುದಿನ ಮೊಸರು ತಂದು ಇಟ್ಟು ನಿಂತಿದ್ದ, ಇನ್ನೊಂದು ಕೊಡ್ತೀರೇನು ಅಂತ. ವೀಸಾ ಒಂದೇ ಷೆಂಗೆನ್ (ಯುರೋಪಿನ ಭಾಳ ದೇಶಕ್ಕ ನಡಿಯೂದು) ಸಾಕು. ಬೆಲ್ಗ್ರೇಡ್‌ತನಕ ಒಯ್ಯೂ ಹಡಗಾದ್ರ ಸರ್ಬಿಯಾ ಷೆಂಗೆನ್ನಿನ್ಯಾಗಿಲ್ಲ, ಅದನ್ನ ಕೇಳಿ ನೋಡ್ರಿ.

ಮುಲುಂಡ್ ಮಗಳು:

ಆಂಟಿ, ಎಲ್ಲರೂ ಯುರೋಪ್ ಹೇಳುತ್ತಿದ್ದಾರೆ, ನಾನು ಅಸ್ಸಾಂ ಹೇಳುತ್ತೇನೆ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಗುವಾಹಟಿಯಿಂದ ಬ್ರಹ್ಮಪುತ್ರದ ಮೇಲೆ ಏಳು ರಾತ್ರಿ ಹೋಗಿದ್ದೆ. ಅಮ್ಮನಿಗೆ ಎಪ್ಪತ್ತೊಂದು. ಪಾಸ್‌ಪೋರ್ಟ್ ಬೇಡ, ಅಡುಗೆಯವನಿಗೆ ಹೇಳಿದರೆ ಅನ್ನ ಸಾರು ಸಿಗುತ್ತದೆ, ಖರ್ಚೂ ಇದಕ್ಕಿಂತ ಕಮ್ಮಿ.

ಅಲ್ಲಿ ಲಾಕ್ ಇಲ್ಲ, ಕಿಲೋಮೀಟರ್ ಬೋರ್ಡೂ ಇಲ್ಲ. ನದಿ ಪ್ರತಿ ಮಳೆಗಾಲದಲ್ಲೂ ದಾರಿ ಬದಲಿಸುತ್ತದೆ, ಹೋದ ವರ್ಷದ ದಾರಿ ಈ ವರ್ಷ ಮರಳು. ಆಳ ಇರುವ ಕಡೆ ಬಿದಿರು ನೆಟ್ಟಿರುತ್ತಾರೆ, ಅದನ್ನೂ ನೀರಿನ ಬಣ್ಣವನ್ನೂ ನೋಡಿ ಪೈಲಟ್ ನಡೆಸುತ್ತಾನೆ. ಕತ್ತಲಾದ ಮೇಲೆ ಹೋಗುವ ಹಾಗಿಲ್ಲ. ಸಂಜೆ ಐದೂವರೆಗೆಲ್ಲ ಯಾವುದಾದರೂ ಮರಳು ದಿಬ್ಬಕ್ಕೆ ದೋಣಿ ಕಟ್ಟುತ್ತಾರೆ. ಸುತ್ತ ಎಲ್ಲೂ ಒಂದು ದೀಪ ಇಲ್ಲ. ಅಮ್ಮ ಚಪ್ಪಲಿ ಬಿಟ್ಟು ಆ ಮರಳಿನ ಮೇಲೆ ನಡೆದಾಡುತ್ತಿದ್ದಳು. ಮನೆಯಲ್ಲಿ ಮಂಡಿ ನೋವು ಅಂತ ಲಿಫ್ಟ್ ಇಲ್ಲದೆ ಒಂದು ಮಾಳಿಗೆ ಹತ್ತದವಳು.

ನಾಲ್ಕನೇ ದಿನ ದೋಣಿ ಮರಳಿಗೆ ಹತ್ತಿ ಕೂತಿತು. ಐದು ಗಂಟೆ. ಕಾಜಿರಂಗದ ಮಧ್ಯಾಹ್ನದ ಜೀಪ್ ತಪ್ಪಿತು, ಅದರ ದುಡ್ಡು ಇವತ್ತಿನವರೆಗೂ ವಾಪಸ್ ಬಂದಿಲ್ಲ. ನಾನು ಸಿಗ್ನಲ್ ಹುಡುಕುತ್ತಾ ಡೆಕ್ ಮೇಲೆ ಸುತ್ತುತ್ತಿದ್ದೆ. ಅಮ್ಮ ಅಲ್ಲಾಡದೆ ಕೂತು ಹತ್ತಿರದಲ್ಲೇ ಒಂದು ಡಾಲ್ಫಿನ್ ಉಸಿರಿಗೆ ಮೇಲೆ ಬರುವುದನ್ನು ಎಣಿಸಿದಳಂತೆ, ಹದಿನಾಲ್ಕು ಸಲ. ಸಮುದ್ರದ್ದರ ಹಾಗೆ ಅದು ಹಾರುವುದಿಲ್ಲ, ಬೂದು ಬೆನ್ನು ಸ್ವಲ್ಪ ಕಂಡು ಮುಳುಗುತ್ತದೆ. ಕಣ್ಣು ಬಹುಪಾಲು ಕುರುಡಂತೆ. ಅಷ್ಟು ಹೊತ್ತು ಅಮ್ಮ ನನ್ನನ್ನು ಒಂದು ಕೆಲಸಕ್ಕೂ ಕರೆಯಲಿಲ್ಲ, ನನ್ನ ಜೀವನದಲ್ಲಿ ಮೊದಲು!

ನದಿ ನಡುವಿನ ಮಾಜುಲಿ ದ್ವೀಪದ ಸಾಮಗುರಿ ಸತ್ರದಲ್ಲಿ (ಸತ್ರ ಅಂದರೆ ಅಲ್ಲಿನ ವೈಷ್ಣವ ಮಠ) ಮುಖವಾಡ ಮಾಡುವುದನ್ನು ತಪ್ಪದೆ ನೋಡಿ. ಬಿದಿರಿನ ಹಂದರ, ಅದರ ಮೇಲೆ ಮಣ್ಣು ಮೆತ್ತಿದ ಬಟ್ಟೆ. ಯಕ್ಷಗಾನ ನೋಡಿ ಬೆಳೆದ ನಿಮಗೆ ಅಲ್ಲಿಂದ ಏಳುವ ಮನಸ್ಸಾಗುವುದಿಲ್ಲ. ಹೋಗುವುದಾದರೆ ಚಳಿಗಾಲ, ಮಳೆಗಾಲದಲ್ಲಿ ಬೇಡವೇ ಬೇಡ.

ಅಂಕಲ್‌ಗೆ ಏಳು ರಾತ್ರಿಯೇ ಜಾಸ್ತಿ ಅನಿಸಿದರೆ ಗಂಗಾ ವಿಲಾಸ್ ಎಂಬ ಹಡಗಿನ ಬಗ್ಗೆ ಹೇಳಿ. 2023ರ ಜನವರಿ 13ರಂದು ವಾರಾಣಸಿ ಬಿಟ್ಟಿತಲ್ಲ, ಬಾಂಗ್ಲಾದೇಶದ ಮೂಲಕ ದಿಬ್ರುಗಢಕ್ಕೆ 51 ದಿನ, ಸುಮಾರು 3,200 ಕಿ.ಮೀ. ಮೊದಲ ಸಲ ಹತ್ತಿದವರು ಹೆಚ್ಚಿನವರು ಸ್ವಿಸ್ ಮಂದಿ. ಅವರ ದೇಶದಲ್ಲಿ ನೋಡುವುದಕ್ಕೆ ಏನೂ ಇಲ್ಲ, ಪಾಪ.

ಡೊಂಬಿವಲಿ ಪೂರ್ವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವರಿಗೆ ಓದಿ ಹೇಳಿದೆ. ಬನಿಯನ್ ಕತೆಗೆ ಮಾತ್ರ ನಕ್ಕರು.

ಗೋವಾದವರೆಗೆ ಹೋಗಲು ಈಗ ಆಗುವುದಿಲ್ಲ, ಹಾಗಾಗಿ ಪೋಂಡಾದ ತಮ್ಮನ ಪರೀಕ್ಷೆಯನ್ನು ಇಲ್ಲೇ ಮಾಡಿದೆ. ಭಾನುವಾರ ಏನೂ ಹೇಳದೆ ಭಾವುಚಾ ಧಕ್ಕಾಗೆ ಕರೆದುಕೊಂಡು ಹೋಗಿ ಆಚೆ ದಡದ ಮೋರಾಗೆ ಹೋಗುವ ಲಾಂಚ್ ಹತ್ತಿಸಿದೆ. ಅದು ನದಿಯಲ್ಲ, ಬಂದರಿನ ಖಾರಿ, ನನಗೆ ಗೊತ್ತು. ಅದೇ ಡೀಸೆಲ್, ಅದೇ ಒಣಮೀನಿನ ವಾಸನೆ. ನಾನು ನಿಂಬೆಹಣ್ಣು ಮೂಗಿಗೆ ಹಿಡಿದೇ ಕೂತಿದ್ದೆ, ಏನೂ ಆಗಲಿಲ್ಲ.

ಇವರು ಮೊದಲು ಮೊಬೈಲ್ ತೆಗೆದರು. ಆಯಿತು, ಎಫ್‌ಡಿ ಉಳಿಯಿತು ಅಂದುಕೊಂಡೆ. ಲಂಗರು ಹಾಕಿದ ಒಂದು ದೊಡ್ಡ ಹಡಗಿನ ಪಕ್ಕದಲ್ಲಿ ಹೋಗುವಾಗ ಅದನ್ನು ಜೇಬಿಗೆ ಹಾಕಿದರು. ಹಡಗಿನ ಹಿಂಬದಿಯಲ್ಲಿ ಹಗ್ಗ ಕಟ್ಟಿ ಹಲಗೆ ಇಳಿಬಿಟ್ಟು ಇಬ್ಬರು ಬಣ್ಣ ಬಳಿಯುತ್ತಿದ್ದರು. ಅದು ಕಣ್ಣಿಗೆ ಕಾಣದಾಗುವವರೆಗೂ ಕತ್ತು ತಿರುಗಿಸಿ ನೋಡುತ್ತಲೇ ಇದ್ದರು. ಮೋರಾದಲ್ಲಿ ಇಳಿದು ಚಹಾ ಕುಡಿದು ವಾಪಸ್ ಬಂದೆವು. ಧಕ್ಕಾದಲ್ಲಿ ಎಲ್ಲರೂ ಎದ್ದು ನಿಂತಾಗ ಇವರು ಕೂತೇ ಇದ್ದರು. ಗಾಡಿ ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಹೋಗುವ ಮನುಷ್ಯ ಇದು. "ಇಳಿಯುವುದಿಲ್ಲವಾ?" ಅಂದೆ. "ಇನ್ನೊಮ್ಮೆ ಹೋಗಿ ಬರುವನಾ, ಅವರು ಹಡಗಿನ ಹೆಸರಿಗೆ ಬಣ್ಣ ಹಾಕಿ ಮುಗಿಸಿದರಾ ನೋಡುವ" ಅಂದರು. ಮತ್ತೆ ಟಿಕೆಟ್ ತೆಗೆದೆವು.

ಹೂಂ ಎಂದು ಬಾಯಿಬಿಟ್ಟು ಹೇಳಿಲ್ಲ. ಆದರೆ ನಿನ್ನೆ ರಾತ್ರಿ ಮಗನಿಗೆ ಫೋನ್ ಮಾಡಿ ಲಾಕ್‌ಗಳು ಹಗಲಿಗೆ ಎಷ್ಟು ಬರುತ್ತವೆ, ರಾತ್ರಿಗೆ ಎಷ್ಟು ಅಂತ ಕೇಳುತ್ತಿದ್ದರು. ಮಗನಿಗೆ ಪಾಪ ಏನು ಗೊತ್ತು.

ಕೋಥರೂಡಿನ ಅಣ್ಣ, ಒಂದು ಕೊನೆಯ ಪ್ರಶ್ನೆ. ಎಲ್ಲಕ್ಕಿಂತ ಕೆಳಗಿನ ಅಂತಸ್ತಿನ ಕೋಣೆ ತಗೊಂಡರೆ ಇಬ್ಬರಿಗೆ ಲಕ್ಷದ ಹತ್ತಿರ ಉಳಿಯುತ್ತದೆ. ಅಲ್ಲಿನ ಕಿಟಕಿ ತೆರೆಯಲು ಬರುತ್ತದಾ?

ಕೋಥರೂಡಿನ ಧಾರವಾಡಿ:

ನಮ್ಮ ಹಡಗಿನ್ಯಾಗ ತೆರೀತಿರಲಿಲ್ರೀ. ನಾವೂ ಕೆಳಗಿಂದೇ ತಗೊಂಡಿದ್ವಿ. ಕಿಟಕಿ ಗೋಡಿ ಮ್ಯಾಲ ಎತ್ತರಕ್ಕ, ಅಡ್ಡಕ ಪಟ್ಟಿ ಹಂಗ ಇರ್ತದ, ಅದರ ಹೊರಗ ಗೇಣು ಕೆಳಗ ನೀರು. ನೋಡಬೇಕಂದ್ರ ಎದ್ದು ನಿಂದರಬೇಕು. ಬಾತುಕೋಳಿ ನಿಮ್ಮ ಕಣ್ಣಿನ ಮಟ್ಟಕ್ಕ ಬಂದು ಒಳಗ ಇಣುಕ್ತಾವ. ಹಿಂದಿನ ತುದಿ ಕೋಣಿ ಬ್ಯಾಡ, ಇಂಜಿನ್ ಸದ್ದು. ಹಗಲೆಲ್ಲಾ ಡೆಕ್ ಮ್ಯಾಲೇ ಇರ್ತೀರಿ, ಉಳದ ರೊಕ್ಕದಾಗ ಯಜಮಾನ್ರಿಗೆ ಒಂದು ಚಲೋ ಸ್ವೆಟರ್ ತಗೋರಿ.